ಟರ್ನ್‌ಟೇಬಲ್ ಸ್ಪೀಡ್ ಸರಿ ಇದ್ಯಾ ಅಂತ 54 ಸೆಕೆಂಡಲ್ಲಿ ನೋಡ್ಕೊಳ್ಳಿ
ಸ್ಪೀಡ್ ಚೆಕ್ ಮಾಡೋಕೆ ಏನೂ ಕೊಳ್ಳೋದು ಬೇಡ, ರೆಕಾರ್ಡ್ ಪ್ಲೇಯರಿನ ತಿರುಗೋ ತಟ್ಟೆಯ ಅಂಚಿಗೆ ಉಗುರಿನಷ್ಟು ಬಿಳಿ ಕಾಗದದ ಚೂರು ಅಂಟಿಸಿ, ರೆಕಾರ್ಡ್ ಮೇಲೆ ಸೂಜಿ ಇಟ್ಟು ಹಾಡು ಓಡ್ತಿರೋವಾಗ್ಲೇ ಮೊಬೈಲಲ್ಲಿ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ವಿಡಿಯೋ ತೆಗೀರಿ, ಆಮೇಲೆ ನೋಡ್ಕೊಂಡು ಎಣಿಸಿ: ಎಲ್‌ಪಿ (ನಿಮಿಷಕ್ಕೆ 33⅓ ಸುತ್ತಿನ ದೊಡ್ಡ ರೆಕಾರ್ಡ್) ಆದ್ರೆ 30 ಸುತ್ತಿಗೆ ಸರಿಯಾಗಿ 54 ಸೆಕೆಂಡ್, ನಿಮಿಷಕ್ಕೆ 45 ಸುತ್ತಿನ ಸ್ಪೀಡಾದ್ರೆ ಅದೇ 30 ಸುತ್ತಿಗೆ 40 ಸೆಕೆಂಡ್. ಎಣಿಕೆ ಸೊನ್ನೆಯಿಂದ ಶುರು ಮಾಡಿ, ಒಂದರಿಂದ ಅಲ್ಲ, ಇಲ್ಲೇ ತಪ್ಪೋದು. ಎಲ್‌ಪಿಯ ಒಂದು ಸುತ್ತಿಗೆ ಬರೀ 1.8 ಸೆಕೆಂಡ್, ಅದ್ರಲ್ಲಿ ವ್ಯತ್ಯಾಸ ಕಣ್ಣಿಗೆ ಸಿಗಲ್ಲ, 30 ಸುತ್ತಾದಾಗ ಅದೆಲ್ಲಾ ಒಟ್ಟು ಸೇರಿ ಕಾಣುತ್ತೆ. 57 ಸೆಕೆಂಡ್ ಬಂತು ಅಂದ್ರೆ ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಂನ ಒಂದು ಮನೆ ಕೆಳಗಿಳಿದಿದೆ ಅಂತ ಅರ್ಥ, ಮೊದಲು ತಟ್ಟೆ ತಿರುಗಿಸೋ ಬೆಲ್ಟನ್ನೂ ಮೋಟಾರ್ ಪುಲ್ಲಿಯನ್ನೂ ಒರೆಸಿ, ಜಿಡ್ಡು ಹಿಡಿದು ಜಾರ್ತಿರುತ್ತೆ, ಆಗ್ಲೂ ಸರಿ ಹೋಗ್ಲಿಲ್ಲ ಅಂದ್ರೆ ಬೆಲ್ಟ್ ಹಿಗ್ಗಿರಬಹುದು, ಬದಲಾಯಿಸಿ. ಆದ್ರೆ ಸುಮಾರು 65 ಸೆಕೆಂಡ್ ಬಂದ್ರೆ ಬೆಲ್ಟ್ ಮೇಲೆ ದುಡ್ಡು ಹಾಕೋಕೆ ಮುಂಚೆ ಯೋಚ್ನೆ ಮಾಡಿ, ಅಮೆರಿಕದಿಂದ ತಂದ ಹಳೇ ಎಸಿ ಮೋಟಾರ್ ಸೆಟ್ ಇರಬಹುದು, ಅಂಥ ಮೋಟಾರಿನ ಸ್ಪೀಡ್ ಕರೆಂಟಿನ ಹರ್ಟ್ಜ್ ಮೇಲೇ ನಿಂತಿರುತ್ತೆ, ಅಲ್ಲಿ ಕರೆಂಟ್ 60 ಹರ್ಟ್ಜ್, ನಮ್ಮಲ್ಲಿ 50, ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಹರ್ಟ್ಜ್ ಬದಲಾಗಲ್ಲ, 50ಕ್ಕೆ ಅಂತ ಮಾಡಿರೋ ಪುಲ್ಲಿನೇ ಬೇಕು. ಒಂದು ವಿಷ್ಯ, ಇದ್ರಲ್ಲಿ ಗೊತ್ತಾಗೋದು ಸರಾಸರಿ ಸ್ಪೀಡ್ ಮಾತ್ರ. ವೀಣೆಯ ಉದ್ದದ ಸ್ವರ ನಡುಗ್ತಿದ್ರೆ, ಅಥವಾ ರೆಕಾರ್ಡಿನ ತೂತೇ ನಡುವಲ್ಲಿ ಇಲ್ದೆ ಹಾಡು ಓಲಾಡ್ತಿದ್ರೆ, 54 ಸೆಕೆಂಡೇ ಬಂದಿರುತ್ತೆ, ಅದನ್ನ ಕಿವಿಯಲ್ಲೇ ಹಿಡೀಬೇಕು.