ಮುತ್ತಜ್ಜನ ಮಿಲಿಟ್ರಿ ಚಾಕರಿ: ಹಾಸನ, ಚಿಕ್ಕಮಗಳೂರಿನವರು ದಾಖಲೆ ಹುಡುಕುವ ಬಗೆ

'ನಮ್ಮ ಮುತ್ತಜ್ಜ ಮಿಲಿಟ್ರಿಲಿದ್ರಂತೆ' ಎಂಬ ಒಂದೇ ಮಾತು ಹಿಡಿದು ಬೆಂಗಳೂರಿನ ಪತ್ರಾಗಾರಕ್ಕೆ ಹೋದರೆ ಬರಿಗೈಲಿ ವಾಪಸ್ ಬರಬೇಕಾಗುತ್ತದೆ. ಅಲ್ಲಿನ ಕಡತಗಳನ್ನು ಇಲಾಖೆ, ವರ್ಷ, ವಿಷಯ ನೋಡಿ ಜೋಡಿಸಿರುತ್ತಾರೆ. ಆಳುಗಳ ಹೆಸರಿನ ಪಟ್ಟಿ ಇರುವುದಿಲ್ಲ. ಹಾಗಾಗಿ ಮೊದಲು ಬಗೆಹರಿಯಬೇಕಾದದ್ದು, ಅವರಿಗೆ ಸಂಬಳ ಕೊಟ್ಟವರು ಯಾರು ಎಂಬುದು. ಮೈಸೂರು ಅರಸರ ಸರ್ಕಾರವೋ, ಬ್ರಿಟಿಷರ ಸೈನ್ಯವೋ, ಸ್ವಾತಂತ್ರ್ಯದ ನಂತರದ ಭಾರತ ಸೇನೆಯೋ? ದುಡ್ಡೋ ಜಮೀನೋ ಕೊಟ್ಟವರು ಅದರ ಲೆಕ್ಕ ಬರೆದಿಟ್ಟಿರುತ್ತಾರೆ. ಹುಡುಕಾಟ ಆ ಲೆಕ್ಕದ ಜಾಡು ಹಿಡಿದು ಹೋಗಬೇಕು.

ಮನೆಯ ಟ್ರಂಕಿನಿಂದ ಶುರು ಮಾಡಿ

ಪದಕ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದರ ಮುಖದ ಮೇಲಿರುವ ರಾಜನ ಚಿತ್ರದಿಂದ ಹೆಚ್ಚೇನೂ ತಿಳಿಯದು, ಅಂಚು ನೋಡಿ. ಮೊದಲ ಮಹಾಯುದ್ಧದ ದುಂಡು ಪದಕಗಳ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ದಳ, ಇಷ್ಟನ್ನೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿ ತಿಕ್ಕಿಯೇ ಎಷ್ಟೋ ಮನೆಯಲ್ಲಿ ನಂಬರು ಸವೆದು ಹೋಗಿದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಾಲ್ಕೈದು ಫೋಟೊ ತೆಗೆಯಿರಿ. ಬರಿಗಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ.

ಹಳೆಯ ಜಾತಕ, ಲೆಕ್ಕದ ಪುಸ್ತಕದಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ 60 ವರ್ಷದ ತಪ್ಪು ಸುಲಭವಾಗಿ ಆಗುತ್ತದೆ. ಕಾಳಯುಕ್ತಿ ಸಂವತ್ಸರ ಎಂದರೆ 1918-19 ಆಗಬಹುದು, 1858-59 ಕೂಡ ಆಗಬಹುದು. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣದ ತಾರೀಕುಗಳು ಬಹುಪಾಲು ಇಂಗ್ಲಿಷ್ ಲೆಕ್ಕದ ಮುಂದಿನ ವರ್ಷಕ್ಕೆ ಬೀಳುತ್ತವೆ.

ಮನೆಯ ಹಿರಿಯರು ಹೇಳುವ ಊರಿನ ಹೆಸರುಗಳನ್ನು ಹಾಗೇ ಬರೆದುಕೊಳ್ಳಿ. 'ಜರ್ಮನ್ ಯುದ್ಧ' ಎನ್ನುವುದು ಎರಡೂ ಮಹಾಯುದ್ಧಗಳಿಗೆ ನಡೆಯುವ ಮಾತು, ಅದರಿಂದ ಉಪಯೋಗವಿಲ್ಲ. ಸೂಯೆಜ್, ಈಜಿಪ್ಟ್, ಹೈಫಾ ಎಂದರೆ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳದ ಕಡೆ ನೋಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದದ್ದು ಜೋಧಪುರದ ಸವಾರರ ಜೊತೆಗಿದ್ದ ಇವರೇ. ಬಸ್ರಾ ಎಂದರೆ ಲ್ಯಾನ್ಸರ್ಸ್ ಬಿಟ್ಟು ಬೇರೆ ದಳ ಹುಡುಕಿ. ಸಿಂಗಾಪುರದಲ್ಲಿ ಜಪಾನಿನವರ ಸೆರೆ ಸಿಕ್ಕಿದರು ಎಂದರೆ ಒಂದನೇ ಮೈಸೂರು ಇನ್‌ಫೆಂಟ್ರಿ (ಕಾಲ್ದಳ) ಇರಬಹುದು. 1942ರ ಫೆಬ್ರವರಿ 15ರ ಶರಣಾಗತಿಯಲ್ಲಿ ಆ ದಳವೂ ಇತ್ತು.

ಹುದ್ದೆಯೂ ದಾರಿ ತೋರಿಸುತ್ತದೆ. ಸವಾರ, ದಫೇದಾರ, ರಿಸಾಲ್ದಾರ ಎಂದರೆ ಕುದುರೆ ದಳ. ನಾಯಕ್, ಹವಾಲ್ದಾರ್, ಸುಬೇದಾರ್ ಎಂದರೆ ಕಾಲ್ದಳ. ಸ್ವಂತ ಕುದುರೆ ತಂದು ಚಾಕರಿಗೆ ನಿಂತವನು ಸಿಲ್ಹೇದಾರ, ಇನ್ನೊಬ್ಬರ ಕುದುರೆ ಏರಿದವನು ಬಾರಗೀರ. ಮೈಸೂರಿನ ಕಡತದಲ್ಲಿ ಇವೆರಡು ಪದ ಸಿಕ್ಕರೆ ನೀವು ಬಹುಪಾಲು 19ನೇ ಶತಮಾನದಲ್ಲಿದ್ದೀರಿ. 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಸಾಕಬೇಕಿತ್ತು, ಸಿಲ್ಹೇದಾರರು ಆ ಪಡೆಯವರು. ಲ್ಯಾನ್ಸರ್ಸ್ ದಳ ಎದ್ದದ್ದು ಆಮೇಲೆ, 1892ರಲ್ಲಿ.

ಕಂದಾಚಾರದವರು

ಊರೂರಲ್ಲಿದ್ದ ನಾಡಸೈನ್ಯ ಎಂದರೆ ಕಂದಾಚಾರ. ನಮ್ಮ ಎರಡು ಜಿಲ್ಲೆಯ ಮನೆತನಗಳಿಗೆ ಇದೇ ಹೆಚ್ಚು ಕಷ್ಟದ ಭಾಗ, ರುಚಿಯ ಭಾಗವೂ ಹೌದು. ಕಂದಾಚಾರದ ಆಳು ಪೂರ್ತಿ ಸಿಪಾಯಿಯಲ್ಲ. ಕೋಟೆ ಕಾಯುವುದು, ಕಂದಾಯ ವಸೂಲಿಗೆ ಜೊತೆ ಹೋಗುವುದು, ಟಪಾಲು ಹೊರುವುದು, ಕಳ್ಳರನ್ನು ಹಿಡಿಯುವುದು, ಯುದ್ಧ ಬಂದಾಗ ಬಂದೂಕು ಹಿಡಿಯುವುದು ಎಲ್ಲವೂ ಅವನ ಪಾಲಿಗೆ. ಸಂಬಳ ಒಂದಿಷ್ಟು ನಗದಿನಲ್ಲಿ, ಒಂದಿಷ್ಟು ಜಮೀನಿನ ರಿಯಾಯಿತಿಯಲ್ಲಿ. ಹಾಗಾಗಿ ಅವನ ಹೆಸರು ಸೈನ್ಯದ ಕಡತಕ್ಕಿಂತ ಕಂದಾಯ, ಪೊಲೀಸ್ ಕಡತಗಳಲ್ಲಿ ಸಿಗುವ ಸಂಭವ ಹೆಚ್ಚು. 1831ರಲ್ಲಿ ಬ್ರಿಟಿಷ್ ಕಮಿಷನರರ ಆಡಳಿತ ಬಂದ ಮೇಲೆ ಈ ಆಳುಗಳು ಬರಬರುತ್ತಾ ಪೊಲೀಸು, ಕಚೇರಿ ಪೇದೆ ಕೆಲಸಗಳಲ್ಲಿ ಕರಗಿಹೋದರು.

ಇಲ್ಲಿ ಜಮೀನಿನ ಜಾಡೇ ಗಟ್ಟಿ. ಊರಲ್ಲಿ 'ಉಂಬಳಿ ಗದ್ದೆ', 'ಕೊಡಗಿ ಹೊಲ' ಎಂಬ ಹೆಸರಿದ್ದು ಅದು ನಿಮ್ಮ ವಂಶದ ಕೈಯಲ್ಲಿದ್ದರೆ ಈಗಿನ ಪಹಣಿಯಿಂದ ಸರ್ವೆ ನಂಬರು ತೆಗೆದುಕೊಂಡು ಹಿಂದಕ್ಕೆ ಹೋಗಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ನಂಬರಿನ ಐ.ಎಲ್., ಆರ್.ಆರ್. ನಕಲಿಗೆ ಅರ್ಜಿ ಹಾಕಿ. ಹಳೇ ಮೈಸೂರಿನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಎಂದರೆ ಇವೇ. 'ಇನಾಂ' (ಕಂದಾಯ ಬಿಟ್ಟು ಕೊಟ್ಟ ಜಮೀನು), 'ಜೋಡಿ' (ಕಡಿಮೆ ಕಂದಾಯದ ಇನಾಂ) ಎಂಬ ಷರಾ ಕಂಡರೆ ಮುಂದಿನ ಹೆಜ್ಜೆ ಇನಾಂ ರಿಜಿಸ್ಟರು. ಇನಾಂ ತನಿಖೆಯ ಕಾಲದಲ್ಲಿ ಜಮೀನು ಯಾರಿಗೆ, ಯಾವ ಚಾಕರಿಗಾಗಿ ಬಂತು, ಈಗ ಅನುಭವದಲ್ಲಿರುವವರಿಗೂ ಮೂಲದವರಿಗೂ ಏನು ಸಂಬಂಧ ಎಂದು ಕೇಳಿ ಬರೆದಿದ್ದಾರೆ. 1954ರ ಇನಾಂ ರದ್ದತಿ ಕಾಯ್ದೆಯಡಿ ನಡೆದ ಪ್ರಕರಣಗಳಲ್ಲಿ ವಂಶವೃಕ್ಷವನ್ನೇ ಲಗತ್ತಿಸಿರುವುದುಂಟು. ಆ ಒಂದು ಹಾಳೆ ಸಿಕ್ಕರೆ ಮೂರು ತಲೆಮಾರು ಒಟ್ಟಿಗೆ ಸಿಕ್ಕಂತೆ.

ಎರಡು ಎಚ್ಚರಿಕೆ. ತೀರ ಹಳೆಯ ಸನ್ನದುಗಳು, ಎಂದರೆ ಜಮೀನು ಕೊಟ್ಟ ಸರ್ಕಾರಿ ಪತ್ರಗಳು, ಮೋಡಿ ಎಂಬ ಹಳೆಯ ಕೂಡುಬರಹದ ಅಕ್ಷರದಲ್ಲಿರುತ್ತವೆ, ಕೆಲವು ಮರಾಠಿಯಲ್ಲೇ ಇರುತ್ತವೆ. ಮೋಡಿ ಓದಲು ಬರುವವರಿಗೆ ಒಳ್ಳೆಯ ಸ್ಕ್ಯಾನ್ ಕೊಡಿ, ಜೆರಾಕ್ಸಿನ ಜೆರಾಕ್ಸ್ ಕೊಡಬೇಡಿ. ಮತ್ತೆ, ಊರ ಮುಂದಿನ ವೀರಗಲ್ಲನ್ನು ನಮ್ಮ ಅಜ್ಜನದೇ ಎಂದು ಸೇರಿಸಿಕೊಳ್ಳುವ ಚಪಲ ಬೇಡ. ಹಾಸನ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 5ನೇ ಸಂಪುಟದಲ್ಲಿ, ಚಿಕ್ಕಮಗಳೂರಿನವು 6ನೆಯದರಲ್ಲಿ ಅಚ್ಚಾಗಿವೆ. ಕಲ್ಲಿನ ಕಾಲವನ್ನು ಅಲ್ಲಿ ನೋಡಿದರೆ ಅದು ಹೊಯ್ಸಳರ ಕಾಲದ್ದು ಎಂದು ತಿಳಿದು ಎಷ್ಟೋ ಜನ ಸುಮ್ಮನಾಗಬೇಕಾಗುತ್ತದೆ.

ಊರಿನ ಹೆಸರು, ಆಳಿನ ಹೆಸರು

ಹುಡುಕಾಟ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಸಕಲೇಶಪುರದ ಕಡೆಯವರು ಮಂಜರಾಬಾದ್ ತಾಲ್ಲೂಕಿನಲ್ಲಿ, ನರಸಿಂಹರಾಜಪುರದವರು ಎಡೇಹಳ್ಳಿಯ ಹೆಸರಿನಲ್ಲಿ ಇರುತ್ತಾರೆ. 'ನರಸೀಪುರ' ಎಂದಷ್ಟೇ ಇದ್ದರೆ ಹೊಳೆನರಸೀಪುರವೋ ತಿರುಮಕೂಡಲು ನರಸೀಪುರವೋ ಎಂದು ಜಿಲ್ಲೆ ನೋಡಿಯೇ ತೀರ್ಮಾನಿಸಿ. ಬೇಲೂರು ಮತ್ತು ನಾಗಮಂಗಲದ ಬೆಳ್ಳೂರು ಇಂಗ್ಲಿಷ್ ಬರಹದಲ್ಲಿ ಹೆಚ್ಚೂಕಮ್ಮಿ ಒಂದೇ ಆಗಿಬಿಡುತ್ತವೆ.

ಹೆಸರು ಬರೆದುಕೊಂಡವನು ಕನ್ನಡದವನಲ್ಲದಿದ್ದರಂತೂ ರಂಗೇಗೌಡ 'ರಂಗ' ಆಗಿರಬಹುದು, 'ರಂಗಯ್ಯ' ಆಗಿರಬಹುದು, ಗೌಡ ಎನ್ನುವುದೇ ಮುಖ್ಯ ಹೆಸರಾಗಿ ಕೂತಿರಬಹುದು. ಕನಿಷ್ಠ ಐದಾರು ರೂಪ ಬರೆದಿಟ್ಟುಕೊಂಡು ಎಲ್ಲವನ್ನೂ ಹುಡುಕಿ. ತಂದೆಯ ಹೆಸರು, ಊರು, ಹೋಬಳಿ ಇವುಗಳಲ್ಲಿ ಎರಡಾದರೂ ಹೊಂದದೆ 'ಸಿಕ್ಕರು' ಅನ್ನಬೇಡಿ. ವಯಸ್ಸು ಮಾತ್ರ ನಂಬಲೇಬೇಡಿ. ಭರ್ತಿಗೆ ಬೇಕಾದಂತೆ ಹೇಳಿದ ವಯಸ್ಸು ಅದು.

ಪತ್ರಾಗಾರದಲ್ಲಿ

ಮೈಸೂರು ಸರ್ಕಾರದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಅದರ ಮೈಸೂರು ವಿಭಾಗೀಯ ಕಚೇರಿ ನೋಡಬೇಕು. ಗುರುತಿನ ಚೀಟಿ, ಹುಡುಕಾಟದ ಉದ್ದೇಶ ಬರೆದ ಪತ್ರ, ಪೆನ್ಸಿಲ್ ತೆಗೆದುಕೊಂಡು ಹೋಗಿ. ಮೊದಲ ದಿನವೇ ಕಡತ ಕೇಳಬೇಡಿ, ಸೂಚಿ ಪುಸ್ತಕ ಕೇಳಿ. ಚಾಕರಿ ಬಿಟ್ಟಿರಬಹುದಾದ ವರ್ಷಕ್ಕೆ ಹಿಂದೆ ಎರಡು, ಮುಂದೆ ಐದು ವರ್ಷದ ಸೂಚಿಗಳಲ್ಲಿ ಮಿಲಿಟರಿ, ಪಿಂಚಣಿ, ಗ್ರಾಚ್ಯುಟಿ, ಕುಟುಂಬ ಪಿಂಚಣಿ ಎಂಬ ತಲೆಬರಹಗಳನ್ನು ನೋಡಿ. ಸತ್ತ ಸಿಪಾಯಿಯ ಹೆಂಡತಿಯೋ ತಾಯಿಯೋ ಹಾಕಿದ ಅರ್ಜಿ ಅವಳ ಹೆಸರಿನಲ್ಲೇ ಇರುತ್ತದೆ, ಹಾಗಾಗಿ ಮನೆಯ ಹೆಂಗಸರ ಹೆಸರೂ ಗೊತ್ತಿರಲಿ. ಕೇಂದ್ರದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಇದೆ. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ಹುಡುಕಬಹುದು.

1947ರ ನಂತರ ಚಾಕರಿ ಬಿಟ್ಟವರು

ಇವರ ದಾಖಲೆ ಆಯಾ ದಳದ ರೆಕಾರ್ಡ್ಸ್ ಕಚೇರಿಯಲ್ಲಿ. ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸಿಗೆ ಬೆಂಗಳೂರು, ಫಿರಂಗಿ ದಳಕ್ಕೆ (ಆರ್ಟಿಲರಿ) ನಾಸಿಕ್, ಸಿಗ್ನಲ್ಸಿಗೆ ಜಬಲ್‌ಪುರ. ಮೈಸೂರು ಇನ್‌ಫೆಂಟ್ರಿಯಿಂದ ಬಂದದ್ದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್. ಲ್ಯಾನ್ಸರ್ಸ್ 1953ರಲ್ಲಿ 61ನೇ ಕ್ಯಾವಲ್ರಿಯಲ್ಲಿ ಸೇರಿತು.

ಪಿಂಚಣಿ ಬರುತ್ತಿದ್ದರೆ ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಹುಡುಕಿ. ಅದರ ನಂಬರಿನ ಮೊದಲಲ್ಲಿ 'ಎಸ್' ಇದ್ದರೆ ಸೇವಾ ಪಿಂಚಣಿ, 'ಎಫ್' ಇದ್ದರೆ ಕುಟುಂಬ ಪಿಂಚಣಿ. ಹಾಳೆ ಕಳೆದಿದ್ದರೆ ಹಳೆಯ ಪಾಸ್‌ಬುಕ್ಕಿನಲ್ಲಿ ನಂಬರು ಬರೆದಿರಬಹುದು, ಇಲ್ಲವಾದರೆ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಪಿಂಚಣಿ ಇಲ್ಲದೆ ಬಿಟ್ಟು ಬಂದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವುದು ಸೇನೆಯ ನಿಯಮ. 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದ ಕೂಡಲೇ ಬಹಳ ಜನ ಕೈಬಿಡುತ್ತಾರೆ. ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರನ್ನು ಮಾತ್ರ ಶಾಶ್ವತವಾಗಿ ಇಟ್ಟಿರುತ್ತಾರೆ, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಅರ್ಜಿಯಲ್ಲಿ 'ಸೇವಾ ದಾಖಲೆ ಕೊಡಿ' ಎನ್ನುವ ಬದಲು 'ಲಾಂಗ್ ರೋಲಿನ ಉದ್ಧೃತ ಪ್ರತಿ ಕೊಡಿ' ಎಂದು ಸ್ಪಷ್ಟವಾಗಿ ಬರೆಯಿರಿ. ನಂಬರು, ಹುದ್ದೆ, ಸೇನೆಯಲ್ಲಿದ್ದ ಹೆಸರು, ತಂದೆಯ ಹೆಸರು, ಭರ್ತಿಯಾದಾಗಿನ ಊರು ಮತ್ತು ಆಗಿನ ಜಿಲ್ಲೆ, ಅಂದಾಜು ವರ್ಷ, ಇಷ್ಟು ಒಂದೇ ಪುಟದಲ್ಲಿರಲಿ. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ ಲಗತ್ತಿಸಿ. ಇದಿಲ್ಲದಿದ್ದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ಅರ್ಜಿ ತಳ್ಳಿಹೋಗುತ್ತದೆ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅದನ್ನೇ ಕೇಳಿ; 30 ದಿನ ಕಾದು ಮೇಲ್ಮನವಿ ಹಾಕಿ. ತಾಲ್ಲೂಕು ಕಚೇರಿಗೆ ಹಾಕುವ ಮಾಹಿತಿ ಹಕ್ಕಿನ ಅರ್ಜಿ ರಾಜ್ಯದ ನಿಯಮದಂತೆ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಇನಾಂ ಮತ್ತು ಪಿಂಚಣಿಯನ್ನು ಒಂದೇ ಹಾಳೆಯಲ್ಲಿ ಬೆರೆಸಬೇಡಿ.

ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಹೆಸರು ಹಾಕಿ ಸಿಗದಿದ್ದರೆ ಹೆಸರಿನ ಜಾಗ ಖಾಲಿ ಬಿಟ್ಟು ದಳದ ಹೆಸರು, ವರ್ಷ ಮಾತ್ರ ಹಾಕಿ, ಬಂದ ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಓದಿ. ಅಲ್ಲಿರುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸತ್ತವರು ಮಾತ್ರ. ಗಾಯಗೊಂಡು ಊರಿಗೆ ಬಂದು, ಚಾಕರಿ ಬಿಟ್ಟು ಹತ್ತು ವರ್ಷದ ಮೇಲೆ ಹೋದವರನ್ನು ಪಿಂಚಣಿ ಕಡತದಲ್ಲೇ ಹುಡುಕಬೇಕು.