ನಾಯಿಯ ಸ್ವಭಾವಕ್ಕೊಂದು ಪ್ರಶ್ನಾವಳಿ: ಮನೆಯವರೇ ಮಾಡಬಹುದಾದ ಸಮೀಕ್ಷೆ

‘ನಮ್ಮ ನಾಯಿ ಪಾಪದ್ದು, ಯಾರಿಗೂ ಏನೂ ಮಾಡುವುದಿಲ್ಲ, ಬನ್ನಿ’ ಎಂಬ ಮಾತನ್ನು ಗೇಟಿನ ಹೊರಗೆ ನಿಂತು ಕೇಳದವರಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಪಾಲಿಗೆ ಆ ನಾಯಿ ನಿಜಕ್ಕೂ ಪಾಪದ್ದೇ. ಹೊರಗೆ ನಿಂತವರ ಪಾಲಿಗೆ ಅದು ಹೇಗೆ ಎಂಬುದು ಬೇರೆಯೇ ಮಾತು. ನಾಯಿಯನ್ನು ಹಗಲೂ ರಾತ್ರಿ ನೋಡುವವರು ಮನೆಯವರೇ ಆದ್ದರಿಂದ ಅವರಿಗೆ ತಿಳಿದಷ್ಟು ಯಾವ ವಿಜ್ಞಾನಿಗೂ ತಿಳಿಯುವುದಿಲ್ಲ. ಆದರೆ ಆ ತಿಳಿವಳಿಕೆಯಲ್ಲಿ ಪ್ರೀತಿ, ಹೆಮ್ಮೆ, ಅಭ್ಯಾಸಬಲ ಎಲ್ಲವೂ ಬೆರೆತಿರುತ್ತವೆ. ಅವನ್ನು ಸೋಸಿ ತೆಗೆಯುವುದೇ ಇಲ್ಲಿನ ಕೆಲಸ.

ಇದಕ್ಕೆ ಸಂಶೋಧಕರು ಹಿಡಿದ ದಾರಿ ಪ್ರಶ್ನಾವಳಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸರ್ಪೆಲ್ ಮತ್ತು ಯೂಯಿಂಗ್ ಶೂ ರೂಪಿಸಿ 2003ರಲ್ಲಿ ಪ್ರಕಟಿಸಿದ ‘ಸಿ-ಬಾರ್ಕ್’ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಈಗ ಅದರಲ್ಲಿ ಸುಮಾರು ನೂರು ಪ್ರಶ್ನೆಗಳಿವೆ. ಅಪರಿಚಿತರ ಮೇಲಿನ ಸಿಟ್ಟು, ಬೇರೆ ನಾಯಿಗಳ ಭಯ, ಸದ್ದಿನ ಭಯ, ಒಂಟಿಯಾಗಿ ಬಿಟ್ಟಾಗಿನ ಗೋಳು, ಬೆನ್ನಟ್ಟುವ ಚಟ, ಹೇಳಿಕೊಟ್ಟದ್ದನ್ನು ಕಲಿಯುವ ಗುಣ ಹೀಗೆ ಗುಂಪು ಗುಂಪಾಗಿ ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಇದೇ ಮಾದರಿಯಲ್ಲಿ ನಿಮ್ಮ ಮನೆಗೋ ಬೀದಿಗೋ ಮಕ್ಕಳ ಕಾಲೇಜು ಪ್ರಾಜೆಕ್ಟಿಗೋ ಒಂದು ಸಣ್ಣ ಸಮೀಕ್ಷೆ ಮಾಡಬಹುದು. ನಾನು ನಮ್ಮ ಮನೆಯ ಕೆಂಚನಿಂದ ಶುರು ಮಾಡಿದೆ. ಬೀದಿಯಿಂದ ಬಂದ ಮರಿ, ಈಗ ನಾಲ್ಕು ವರ್ಷ.

ಮೊದಲು ಒಂದೇ ಪ್ರಶ್ನೆ ಆರಿಸಿಕೊಳ್ಳಿ

‘ನಾಯಿಯ ಸ್ವಭಾವ’ ಎಂಬುದು ಬಹಳ ದೊಡ್ಡ ಮಾತು. ಪಟಾಕಿಗೆ ಹೆದರುತ್ತದೆಯೇ, ಮನೆಗೆ ಬರುವವರ ಮೇಲೆ ಏರಿ ಹೋಗುತ್ತದೆಯೇ, ಒಂಟಿಯಾಗಿ ಇರಬಲ್ಲದೇ ಎಂಬಂಥ ಒಂದನ್ನು ಹಿಡಿದು ಅದರ ಸುತ್ತ ಹತ್ತು ಹನ್ನೆರಡು ಪ್ರಶ್ನೆ ಬರೆದರೆ ಸಾಕು. ನೂರು ಪ್ರಶ್ನೆಯ ಹಾಳೆಯನ್ನು ನೆರೆಮನೆಯವರ ಕೈಗಿತ್ತರೆ ಇಪ್ಪತ್ತನೆಯದರ ಹೊತ್ತಿಗೆ ಅವರು ಕಣ್ಣು ಮುಚ್ಚಿ ಗುರುತು ಹಾಕತೊಡಗುತ್ತಾರೆ.

ಗುಣ ಕೇಳಬೇಡಿ, ನಡೆದದ್ದನ್ನು ಕೇಳಿ

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ನಾಯಿಯ ಬಗ್ಗೆ ಎರಡು ಬಗೆಯಲ್ಲಿ ಕೇಳಬಹುದು. ಒಂದು, ಗುಣವಾಚಕಗಳನ್ನು ಕೊಟ್ಟು ‘ಇದು ನಿಮ್ಮ ನಾಯಿಗೆ ಎಷ್ಟು ಒಪ್ಪುತ್ತದೆ’ ಎಂದು ಕೇಳುವುದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಶ್ನಾವಳಿ ಹೀಗಿದೆ. ಅದರಲ್ಲಿ 26 ಪದಗಳಿವೆ. ಅವುಗಳಿಂದ ಐದು ಗುಣಗಳನ್ನು ಅಳೆಯುತ್ತಾರೆ. ಇನ್ನೊಂದು, ಸಿ-ಬಾರ್ಕ್ ಮಾಡುವಂತೆ, ಸಂದರ್ಭ ಹೇಳಿ ‘ಆಗ ನಾಯಿ ಏನು ಮಾಡುತ್ತದೆ’ ಎಂದು ಕೇಳುವುದು.

ಎರಡೂ ಪರೀಕ್ಷೆಗೆ ನಿಂತ ದಾರಿಗಳೇ. ಆದರೆ ಕನ್ನಡದಲ್ಲಿ ಹೊಸದಾಗಿ ಪ್ರಶ್ನೆ ಬರೆಯುವವರಿಗೆ ಎರಡನೆಯದೇ ಕ್ಷೇಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಚುರುಕು’ ಎಂಬ ಪದವನ್ನೇ ತೆಗೆದುಕೊಳ್ಳಿ. ಒಬ್ಬರಿಗೆ ಅದು ಓಡಾಟ, ಲವಲವಿಕೆ; ಇನ್ನೊಬ್ಬರಿಗೆ ಬುದ್ಧಿ. ಬಾಗಿಲ ಚಿಲಕವನ್ನು ಮೂತಿಯಿಂದ ಸರಿಸುವ ಸೋಮಾರಿ ನಾಯಿಗೂ, ಮಾತು ಕೇಳದೆ ಅಂಗಳ ಸುತ್ತುವ ನಾಯಿಗೂ ಒಂದೇ ಅಂಕ ಬೀಳುತ್ತದೆ. ‘ಜೋರು’ ಇನ್ನೂ ಕಷ್ಟದ ಪದ. ‘ನಮ್ಮದು ಬಹಳ ಜೋರು’ ಎಂದು ಕಾವಲಿಗೆ ನಾಯಿ ಸಾಕಿದವರು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಪದವನ್ನು ಪಕ್ಕದ ಮನೆಯವರು ದೂರಾಗಿ ಹೇಳುತ್ತಾರೆ.

ಆದ್ದರಿಂದ ‘ನಿಮ್ಮ ನಾಯಿ ಜೋರೇ?’ ಎಂದು ಕೇಳುವ ಬದಲು ಹೀಗೆ ಬರೆಯಿರಿ: ‘ಕಳೆದ ಮೂರು ತಿಂಗಳಲ್ಲಿ, ಪರಿಚಯವಿಲ್ಲದವರು ಗೇಟು ತೆರೆದು ಒಳಗೆ ಬಂದಾಗ ನಿಮ್ಮ ನಾಯಿ ಏನು ಮಾಡಿದೆ?’ ಇದರಲ್ಲಿ ಕಾಲ ಇದೆ, ಜಾಗ ಇದೆ, ಎದುರಿಗಿರುವವರು ಯಾರೆಂಬುದಿದೆ. ಉತ್ತರ ಕೊಡುವವರು ಅಭಿಪ್ರಾಯ ಹುಡುಕುವುದನ್ನು ಬಿಟ್ಟು ನೆನಪು ಹುಡುಕುತ್ತಾರೆ. ‘ಮನೆಗೆ ಬಂದವರನ್ನೂ ದಾರಿಯಲ್ಲಿ ಸಿಕ್ಕವರನ್ನೂ ಕಂಡರೆ’ ಎಂದು ಎರಡನ್ನು ಒಂದೇ ಪ್ರಶ್ನೆಗೆ ತುರುಕಬೇಡಿ. ಮನೆಯಲ್ಲಿ ಹುಲಿಯಾಗಿದ್ದು ಬೀದಿಯಲ್ಲಿ ಬಾಲ ಮುದುರುವ ನಾಯಿಗಳು ಬೇಕಾದಷ್ಟಿವೆ.

ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದಾದರೆ, ನಿಮ್ಮ ಕನ್ನಡವನ್ನು ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ. ಎರಡು ಇಂಗ್ಲಿಷುಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ನಿಮ್ಮ ಕನ್ನಡ ಜಾರಿದೆ ಎಂದರ್ಥ. ಪ್ರಾಜೆಕ್ಟಿಗೆ ಬೇರೆಯವರ ಪ್ರಶ್ನಾವಳಿ ಬಳಸುವಾಗ ಅದನ್ನು ರೂಪಿಸಿದವರ ಅನುಮತಿಯನ್ನೂ ಕೇಳಿ.

ಅಂಕಕ್ಕೆ ಅರ್ಥ ಕೊಡಿ

0ಯಿಂದ 4 ಎಂದಷ್ಟೇ ಬರೆದರೆ ಒಬ್ಬರ 2 ಇನ್ನೊಬ್ಬರ 4 ಆಗುತ್ತದೆ. ಸಿ-ಬಾರ್ಕ್‌ನಲ್ಲಿ ಸಿಟ್ಟಿನ ಅಳತೆ ಹೀಗಿದೆ: ಸಿಟ್ಟಿನ ಸುಳಿವೇ ಇಲ್ಲದಿದ್ದರೆ 0, ಬೊಗಳುವುದು, ಗುರ್ರೆನ್ನುವುದು, ಹಲ್ಲು ತೋರಿಸುವುದು ನಡುವಿನ ಅಂಕಗಳಿಗೆ, ಬಾಯಿ ಹಾಕುವುದು, ಕಚ್ಚುವುದು ಅಥವಾ ಕಚ್ಚಲು ಹೋಗುವುದು 4. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ನಮ್ಮ ಬಾಯಲ್ಲಿ ಎಷ್ಟು ನೆಲೆಯೂರಿದೆ ಎಂದರೆ, ಬಂದವರ ಮೇಲೆ ಬೊಗಳುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಳೆಯ ಮೇಲೆ ಅದು 0 ಅಲ್ಲ ಎಂದು ಮೊದಲೇ ಹೇಳಿಬಿಡಿ.

ಸಣ್ಣ ನಾಯಿ ಸಾಕಿದವರಿಗೆ ಇದನ್ನು ಎರಡು ಸಲ ಹೇಳಬೇಕು. ಕಾಲಿಗೆ ಬಾಯಿ ಹಾಕುವ ಡ್ಯಾಶ್‌ಹುಂಡನ್ನು ನೋಡಿ ನಕ್ಕು ಬಿಡುತ್ತಾರೆ, ಅದನ್ನೇ ಅಲ್ಸೇಷಿಯನ್ ಮಾಡಿದರೆ ಊರೇ ಸೇರುತ್ತದೆ. 2008ರಲ್ಲಿ ಸರ್ಪೆಲ್ ಮತ್ತು ಜೊತೆಗಾರರು ಮೂವತ್ತಕ್ಕೂ ಹೆಚ್ಚು ತಳಿಗಳ ಮಾಲೀಕರ ಉತ್ತರಗಳನ್ನು ಹೋಲಿಸಿದಾಗ, ಮನುಷ್ಯರ ಮೇಲಿನ ಸಿಟ್ಟಿನಲ್ಲಿ ಮುಂದೆ ಕಂಡವುಗಳಲ್ಲಿ ಡ್ಯಾಶ್‌ಹುಂಡ್ ಮತ್ತು ಚಿವಾವಾ ಸೇರಿದ್ದವು.

ಐದು ಅಂಕಗಳ ಪಕ್ಕದಲ್ಲಿ ಇನ್ನೊಂದು ಕಲಂ ಇರಲೇಬೇಕು: ‘ನೋಡಿಲ್ಲ’. ಎಳೆಯ ಮಕ್ಕಳಿಲ್ಲದ ಮನೆಯಲ್ಲಿ ಬೆಳೆದ ನಾಯಿ ಮಕ್ಕಳ ಮೇಲೆ ಗುರ್ರೆಂದಿಲ್ಲ ಎಂದು 0 ಹಾಕಿದರೆ ಅದು ತಪ್ಪು ಮಾತ್ರವಲ್ಲ, ಅಪಾಯ. ಆ 0 ನಂಬಿ ನಾಳೆ ಯಾರಾದರೂ ಮಗುವನ್ನು ಅದರ ಪಕ್ಕದಲ್ಲಿ ಕೂರಿಸಬಹುದು.

ಒಂದು ಮನೆ, ಎರಡು ಹಾಳೆ

ಒಂದೇ ನಾಯಿಯ ಬಗ್ಗೆ ಮನೆಯ ಇಬ್ಬರು ಬೇರೆ ಬೇರೆ ಕುಳಿತು ತುಂಬಲಿ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. 2003ರಲ್ಲಿ ಸ್ಯಾಮ್ಯುಯೆಲ್ ಗಾಸ್ಲಿಂಗ್ ಮತ್ತು ಜೊತೆಗಾರರು ಹೀಗೆಯೇ ಮಾಡಿದರು. ಮಾಲೀಕರು ಹೇಳಿದ್ದನ್ನು, ಆ ನಾಯಿಯನ್ನು ಬಲ್ಲ ಇನ್ನೊಬ್ಬರು ಹೇಳಿದ್ದನ್ನು, ಉದ್ಯಾನದಲ್ಲಿ ನಾಯಿಯನ್ನು ಕಂಡ ಅಪರಿಚಿತರು ಕೊಟ್ಟ ಅಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಅವು ಗಮನಾರ್ಹವಾಗಿ ಹೊಂದಿಕೊಂಡವು. ಮಾಲೀಕರ ಮಾತು ಬರೀ ಕಲ್ಪನೆಯಲ್ಲ ಎಂಬುದಕ್ಕೆ ಅದೊಂದು ಆಧಾರ.

ನಮ್ಮ ಮನೆಯಲ್ಲಿ ಮಾತ್ರ ಹೊಂದಲಿಲ್ಲ. ಅಪರಿಚಿತರು ಒಳಬಂದಾಗ ಎಂಬ ಪ್ರಶ್ನೆಗೆ ನಾನು 0 ಹಾಕಿದ್ದೆ, ಅಮ್ಮ 3 ಹಾಕಿದ್ದರು. ಅಮ್ಮನಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದುಕೊಂಡು ಬಿಡಿಸಿ ಹೇಳಲು ಹೋದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ‘ನೀನು ಕಂಡಿರುವುದು ಭಾನುವಾರದ ಕೆಂಚನನ್ನು. ಸಿಲಿಂಡರ್ ಬರುವ ದಿನ ನೀನು ಆಫೀಸಿನಲ್ಲಿರುತ್ತೀಯ’ ಎಂದರು. ಭಾನುವಾರ ಬರುವವರು ಫೋನು ಮಾಡಿ ಬರುತ್ತಾರೆ, ನಾನೇ ಗೇಟು ತೆಗೆಯುತ್ತೇನೆ, ಕೆಂಚ ಬಾಲ ಅಲ್ಲಾಡಿಸುತ್ತಾನೆ. ಸಿಲಿಂಡರಿನವರು ಬಂದಾಗ ಮೊದಲು ಕಲ್ಲುಚಪ್ಪಡಿಯ ಮೇಲೆ ಠಣ್ ಎಂದು ಸದ್ದಾಗುತ್ತದೆ. ಕೆಂಚ ಕಟ್ಟೆಯ ಹಿಂದೆ ಸರಿಯುತ್ತಾನೆ, ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತದೆ, ಬಾಲ ಹೊಟ್ಟೆಯಡಿಗೆ ಹೋಗುತ್ತದೆ. ಅವರು ಬೆನ್ನು ತಿರುಗಿಸಿದ ಕೂಡಲೇ ಹಲ್ಲು ಬಿಟ್ಟು ಗುರ್ರೆನ್ನುತ್ತಾ ಗೇಟಿನವರೆಗೂ ಹಿಂದೆ ಬರುತ್ತಾನೆ. ಇದನ್ನೆಲ್ಲ ಅಮ್ಮ ಎಷ್ಟೋ ತಿಂಗಳಿಂದ ನೋಡುತ್ತಿದ್ದರು. ಯಾರೂ ಕೇಳಿರಲಿಲ್ಲ.

ಆದ್ದರಿಂದ ಇಬ್ಬರ ಅಂಕ ಬೇರೆಯಾದಾಗ ಅವಸರಪಟ್ಟು ಸರಾಸರಿ ಮಾಡಬೇಡಿ. ಯಾರು, ಯಾವಾಗ, ಯಾವ ಜಾಗದಲ್ಲಿ ನೋಡಿದರು ಎಂದು ಕೇಳಿ ಪಕ್ಕದಲ್ಲಿ ಬರೆದಿಡಿ. ನಮಗೆ ಬೇಕಾದ ಉತ್ತರ ಆ ಪಕ್ಕದ ಬರಹದಲ್ಲಿಯೇ ಸಿಕ್ಕಿತು.

ಹಿನ್ನೆಲೆಯ ವಿವರ

ವಯಸ್ಸು, ಗಂಡೋ ಹೆಣ್ಣೋ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಎಷ್ಟನೇ ವಾರದಲ್ಲಿ ಮನೆಗೆ ಬಂತು, ದಿನಕ್ಕೆ ಎಷ್ಟು ಗಂಟೆ ಕಟ್ಟಿರುತ್ತಾರೆ, ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಕಾಯಿಲೆ ಏನಾದರೂ ಇದೆಯೇ. ಇಷ್ಟು ಸಾಕು. ಕೊನೆಯದನ್ನು ಬಿಡಬೇಡಿ, ಕಿವಿನೋವು, ಕೀಲುನೋವು ಇರುವ ನಾಯಿ ಮುಟ್ಟಿದರೆ ಸಿಡುಕುತ್ತದೆ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿಗೆ ಮೊದಲು ಬೇಕಾದದ್ದು ಪಶುವೈದ್ಯರು, ಪ್ರಶ್ನಾವಳಿ ಆಮೇಲೆ. ಬೀದಿಯ ಸಮೀಕ್ಷೆಯಾದರೆ ಹಾಳೆಯ ಮೇಲೆ ಮನೆಯ ಹೆಸರು ಬೇಡ, ಸಂಖ್ಯೆ ಸಾಕು. ನಾಯಿ ಕಚ್ಚಿದ್ದನ್ನು ಹೆಸರು ಬರೆದು ಒಪ್ಪಿಕೊಳ್ಳುವವರು ಕಡಿಮೆ.

ಕೂಡಿಸುವ ಬಗೆ

ಒಂದೇ ವಿಷಯದ ಪ್ರಶ್ನೆಗಳ ಅಂಕಗಳನ್ನು ಕೂಡಿ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ. ‘ನೋಡಿಲ್ಲ’ ಎಂದವನ್ನು ಭಾಗಿಸುವಾಗ ಬಿಟ್ಟುಬಿಡಿ. ಭಯದ ಅಂಕವನ್ನೂ ಸಿಟ್ಟಿನ ಅಂಕವನ್ನೂ ಎಂದಿಗೂ ಒಟ್ಟು ಸೇರಿಸಬೇಡಿ. ಕೆಂಚನಿಗೆ ಎರಡೂ ಹೆಚ್ಚಿದ್ದವು. ಅವೆರಡು ಬೇರೆ ಬೇರೆ ಕಲಂನಲ್ಲಿ ಇದ್ದುದರಿಂದಲೇ ಅವನ ಸಿಟ್ಟಿನ ಹಿಂದೆ ಹೆದರಿಕೆ ಇರಬಹುದೆಂಬ ಅನುಮಾನ ಬಂತು. ಮೂರು ನಾಲ್ಕು ವಾರ ಬಿಟ್ಟು ಅದೇ ಹಾಳೆಯನ್ನು ಮತ್ತೆ ತುಂಬಿಸಿ ನೋಡುವುದೂ ಒಳ್ಳೆಯದು. ನಾಯಿ ಬದಲಾಗದೆ ಅಂಕ ಮಾತ್ರ ಬದಲಾಗಿದ್ದರೆ ಪ್ರಶ್ನೆಯಲ್ಲಿ ದೋಷವಿದೆ.

ಕಣ್ಣಾರೆ ನೋಡಿ ಹೊಂದಿಸಿ

ಹಾಳೆ ಹೇಳಿದ್ದು ನಿಜವೇ ಎಂದು ಪರೀಕ್ಷಿಸದೆ ಬಿಡಬಾರದು. ಸಿ-ಬಾರ್ಕ್ ರೂಪಿಸಿದವರು, ವರ್ತನೆಯ ತೊಂದರೆಗೆ ತಜ್ಞರ ಬಳಿ ಬಂದಿದ್ದ ನಾಯಿಗಳಿಗೆ ಆಯಾ ತೊಂದರೆಯ ಪ್ರಶ್ನೆಗಳಲ್ಲಿಯೇ ಹೆಚ್ಚು ಅಂಕ ಬಿದ್ದಿದೆಯೇ ಎಂದು ನೋಡಿದ್ದರು. ನಮ್ಮ ಬಳಿ ಇರುವುದು ಮೊಬೈಲು. ನಾಯಿಯನ್ನು ಕೆಣಕದೆ, ದಿನನಿತ್ಯ ನಡೆಯುವುದನ್ನು ದೂರದಿಂದ ಚಿತ್ರೀಕರಿಸಿ. ಪರೀಕ್ಷೆಗೆಂದು ಊಟದ ತಟ್ಟೆ ಕಿತ್ತುಕೊಳ್ಳುವುದು, ಪಟಾಕಿ ಹೊಡೆಯುವುದು ಖಂಡಿತ ಬೇಡ. ಕಚ್ಚಿದ ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.

ನಾಯಿಯ ಮನಸ್ಸಿನೊಳಗೆ ಏನಿದೆ ಎಂಬ ಪ್ರಶ್ನೆಗಳನ್ನು ನಾನು ಹಾಳೆಯಿಂದ ತೆಗೆದುಹಾಕಿದ್ದೇನೆ. ‘ತಪ್ಪು ಮಾಡಿದರೆ ಅದಕ್ಕೇ ಗೊತ್ತಾಗುತ್ತದೆ, ಮುಖ ಸಣ್ಣ ಮಾಡುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ಬೇಡವೆಂದ ತಿನಿಸನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಆ ಸಪ್ಪೆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಮಾಲೀಕರು ಗದರಿದಾಗ ಆ ಮುಖ ಬಂತು. ತಿನ್ನದೆಯೂ ಬೈಸಿಕೊಂಡ ನಾಯಿಗಳ ಮುಖದಲ್ಲಿ ಅದು ಇನ್ನೂ ಎದ್ದು ಕಂಡಿತು.

ತಳಿಯ ಮೇಲೆ ತೀರ್ಪು ಬೇಡ

ಮೂವತ್ತು ಮನೆಯ ಹಾಳೆಗಳು ಕೈಗೆ ಬಂದ ಕೂಡಲೇ ‘ಲ್ಯಾಬ್ರಡಾರ್ ಹೀಗೆ, ಪೊಮೆರೇನಿಯನ್ ಹಾಗೆ’ ಎಂದು ಬರೆಯುವ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ. ಅಮೆರಿಕದ ‘ಡಾರ್ವಿನ್ಸ್ ಆರ್ಕ್’ ಯೋಜನೆಯಲ್ಲಿ 18,385 ನಾಯಿಗಳ ಮಾಲೀಕರು ಪ್ರಶ್ನೆಗಳಿಗೆ ಉತ್ತರಿಸಿದರು, 2,155 ನಾಯಿಗಳ ಡಿಎನ್ಎ ಓದಲಾಯಿತು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಶೇ 9ರಷ್ಟು ಮಾತ್ರ. ಮುಧೋಳ ನಾಯಿಯ ಉದ್ದ ಕಾಲು, ಓಟದ ವೇಗ ತಳಿಯಿಂದ ಬಂದವು. ಆದರೆ ನಿಮ್ಮ ಮನೆಯ ಮುಧೋಳ ಮಕ್ಕಳೊಂದಿಗೆ ಹೇಗಿದೆ ಎಂಬುದನ್ನು ಆ ಒಂದು ನಾಯಿಯನ್ನು ನೋಡಿಯೇ ಹೇಳಬೇಕು.

ದೊಡ್ಡ ಸಂಖ್ಯೆಯಿಂದ ಸಿಗುವ ಸಮಾಧಾನವೂ ಒಂದಿದೆ. ಫಿನ್ಲೆಂಡಿನಲ್ಲಿ 13,715 ನಾಯಿಗಳ ಮಾಲೀಕರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 32ರಷ್ಟು ನಾಯಿಗಳು ಸದ್ದಿಗೆ ಅಂಜುತ್ತಿದ್ದವು. ಎಲ್ಲ ತೊಂದರೆಗಳಲ್ಲಿ ಅದೇ ಹೆಚ್ಚು. ದೀಪಾವಳಿಯಲ್ಲಿ ಮಂಚದಡಿ ನಡುಗುವ ನಾಯಿಯನ್ನು ಪುಕ್ಕಲು ಎಂದು ಬೈಯುವವರಿಗೆ ನಾನು ಈ ಸಂಖ್ಯೆಯನ್ನು ಹೇಳುತ್ತೇನೆ.

ಕೆಂಚನ ಹಾಳೆ ನೋಡಿದ ಮೇಲೆ ಒಂದು ದಿನ ರಜೆ ಹಾಕಿ ಕಿಟಕಿಯಿಂದ ಚಿತ್ರೀಕರಿಸಿದೆ. ಅಮ್ಮ ಹೇಳಿದಂತೆಯೇ ಮೊದಲು ಠಣ್ ಸದ್ದು, ಆಮೇಲೆ ಹೆದರಿಕೆ, ಕೊನೆಗೆ ಗುರ್ರೆನ್ನುವುದು. ಮುಂದಿನ ಸಲ ಅಮ್ಮ ಚಪ್ಪಡಿಯ ಮೇಲೆ ಗೋಣಿಚೀಲ ಹಾಸಿ, ಕೆಂಚನನ್ನು ಹಿತ್ತಲಿನಲ್ಲಿ ಕಟ್ಟಿ, ಸಿಲಿಂಡರನ್ನು ಅದರ ಮೇಲೆಯೇ ಇಳಿಸಲು ಕೇಳಿಕೊಂಡರು. ಕೆಂಚ ಎರಡು ಸಲ ಬೊಗಳಿ ಸುಮ್ಮನಾದ. ಮೂರು ತಿಂಗಳ ನಂತರ ಅದೇ ಪ್ರಶ್ನೆಗೆ ನಾವಿಬ್ಬರೂ ಮತ್ತೆ ಬೇರೆ ಬೇರೆ ಕುಳಿತು ಅಂಕ ಹಾಕಿದೆವು. ಅಮ್ಮನದು 1, ನನ್ನದೂ 1. ಗೋಣಿಚೀಲ ಈಗಲೂ ಗೇಟಿನ ಪಕ್ಕದಲ್ಲಿಯೇ ಮಡಚಿ ಇಟ್ಟಿದೆ.