ಗೋ ಆಟಕ್ಕೆ ನಾನು ಮಾಡಿಕೊಂಡ ತಯಾರಿ

ಕಲಬುರಗಿಯಲ್ಲಿ ಚೆಸ್ ಆಡೋಣ ಅಂದರೆ ಯಾರಾದರೂ ಸಿಗುತ್ತಾರೆ. ಗೋ ಅಂದರೆ 'ಅದೇನ್ರೀ?' ಅಂತಾರೆ. ಗೆರೆಗಳು ಕೂಡುವ ಜಾಗದಲ್ಲಿ ಇಬ್ಬರು ಕಪ್ಪು, ಬಿಳಿ ಕಲ್ಲು ಇಟ್ಟು ಜಾಗ ಸುತ್ತುವರಿಯುವ ಬೋರ್ಡ್ ಆಟ ಅದು. ಹಾಗಾಗಿ ನಾನು ಆಡುವುದೆಲ್ಲ ಮೊಬೈಲಿನಲ್ಲೇ. ಅಭ್ಯಾಸ ಮಾತ್ರ ಚಾರ್ಟ್ ಪೇಪರ್ ಮೇಲೆ. ಪೂರ್ತಿ ಬೋರ್ಡಿಗೆ 19 ಗೆರೆ, 361 ಜಾಗ. ಅಷ್ಟು ಬೇಡ ಅಂತ 13 ಗೆರೆ ಎಳೆದೆ. ಸೂಪರ್ ಮಾರ್ಕೆಟ್ ಕಡೆ ಹೋಗಿ ಕಲ್ಲಿನ ಬದಲಿಗೆ ಕಪ್ಪು, ಬಿಳಿ ಅಂಗಿ ಗುಂಡಿ ತಂದೆ.

ಜಾಸ್ತಿ ಹೊತ್ತು ಕೊಟ್ಟಿದ್ದು ತ್ಸುಮೆಗೊಗೆ. ಸುತ್ತುವರಿದ ಗುಂಪು ಉಳಿಯುತ್ತದಾ, ಸಾಯುತ್ತದಾ ಅನ್ನೋ ಲೆಕ್ಕ ಅದು. ಗುಂಪು ತನ್ನೊಳಗೆ ಸುತ್ತುವರಿದ ಖಾಲಿ ಜಾಗಕ್ಕೆ ಕಣ್ಣು ಅಂತಾರೆ. ಬೇರೆ ಬೇರೆಯಾಗಿ ಎರಡು ಕಣ್ಣಾದರೆ ಉಳಿಯಿತು. ಒಳಗೆ ಸಾಲಾಗಿ ಮೂರು ಖಾಲಿ ಜಾಗ ಇದ್ದರೆ ನಡುವಿನದೇ ಜೀವ. ನೀವು ಇಟ್ಟರೆ ಎರಡು ಕಣ್ಣು, ಎದುರಾಳಿ ಇಟ್ಟರೆ ಗುಂಪು ಹೋಯಿತು. ಸಾಲಾಗಿ ನಾಲ್ಕಿದ್ದರೆ ಸುಮ್ನೆ ಬಿಡಿ, ಉಳಿಯುತ್ತದೆ. ಅಂಚಿನಿಂದ ಎರಡನೇ ಗೆರೆ ಮೇಲೆ ಆರು ಕಲ್ಲಿನ ಸಾಲು ಸಾಯುತ್ತದೆ, ಎಂಟರದ್ದು ಬದುಕುತ್ತದೆ. ಏಳಿದ್ದರೆ ಪಾಳಿ ಯಾರದು ಅಂತ ನೋಡಬೇಕು. ಮೂಲೆಯಲ್ಲಾದರೆ ನಾಲ್ಕಕ್ಕೆ ಸಾವು, ಆರಕ್ಕೆ ಬದುಕು. ಇದನ್ನೆಲ್ಲ ಗುಂಡಿ ಜೋಡಿಸಿ ಎರಡೂ ಕಡೆಯಿಂದ ನಾನೇ ಆಡಿ ನೋಡಿದೆ.

ಆಮೇಲೆ ಒಂದು ಕಟ್ಟುನಿಟ್ಟು ಹಾಕಿಕೊಂಡೆ. ಕೊನೆಯ ನಡೆವರೆಗೂ ಮನಸ್ಸಿನಲ್ಲೇ ಕಾಣಬೇಕು, ಅಲ್ಲಿವರೆಗೆ ಗುಂಡಿ ಮುಟ್ಟುವ ಹಾಗಿಲ್ಲ. ಒಂದೆರಡು ನಿಮಿಷದಲ್ಲಿ ಕಾಣದಿದ್ದರೆ ಆ ಲೆಕ್ಕ ಪಕ್ಕಕ್ಕೆ. ಸುಲಭದವನ್ನೇ ತಿರುಗಿ ತಿರುಗಿ ಮಾಡಿದೆ. ಮಗ್ಗಿ ಹಾಗೆ, ಕೇಳಿದ ಕೂಡಲೇ ಬರಬೇಕು ಅಲ್ವಾ? ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡೋದಂತೂ ಆಗುವುದಿಲ್ಲ. (ಫ್ಯಾನ್ ಹಚ್ಚಿದರೆ ಪೇಪರ್ ಹಾರುತ್ತದೆ, ನಾಲ್ಕೂ ಮೂಲೆಗೆ ಟೇಪ್ ಅಂಟಿಸಿ.)

ಜೊಸೆಕಿ, ಅಂದರೆ ಮೂಲೆಯ ಸಿದ್ಧ ನಡೆಗಳು, ಎರಡು ಮೂರು ಗೊತ್ತಿದ್ದರೆ ಶುರುವಿಗೆ ಸಾಕು.

2016ರಲ್ಲಿ ಆಲ್ಫಾಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಹೆಸರಾಂತ ಗೋ ಆಟಗಾರ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು. ಈಗ ಕಾಟಾಗೋದಂಥ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಆದರೂ ಸೋತ ಆಟವನ್ನು ಮೊದಲು ನಾನೇ ನೋಡಿ, ಎಲ್ಲಿ ಕೆಟ್ಟಿತು ಅಂತ ಗುರುತು ಹಾಕುತ್ತೇನೆ. ಕಾಟಾಗೋ ಸರದಿ ಆಮೇಲೆ. ಗೆಲ್ಲುವ ಅವಕಾಶ ಶೇಕಡಾ ಇಷ್ಟು ಅಂತ ಅದು ತೋರಿಸುವ ಅಂಕಿಯಿಂದ ನನಗೇನೂ ತಿಳಿಯುವುದಿಲ್ಲ. 'ನಾನು ಹೀಗಿಟ್ಟರೆ ನೀನೇನು ಮಾಡ್ತಿ?' ಅಂತ ನಡೆ ಇಟ್ಟು ಕೇಳಬೇಕು, ಆಗ ಕಾರಣ ಹೊರಗೆ ಬೀಳುತ್ತದೆ. ಒಂದು ಆಟಕ್ಕೆ ಅಂಥ ಒಂದೇ ಜಾಗ ಹಿಡಿಯುತ್ತೇನೆ. ಅಲ್ಲಿ ಗುಂಪು ಸತ್ತಿದ್ದರೆ ಅದನ್ನೇ ಗುಂಡಿಯಲ್ಲಿ ಜೋಡಿಸಿ ಮರುದಿನದ ಲೆಕ್ಕ ಮಾಡಿಕೊಳ್ಳುತ್ತೇನೆ.